ರುಚಿಗೆ ತಕ್ಕಷ್ಟು

ನೀಲಕ್ಕನಿಗೆ ತನ್ನ ನಾದಿನಿಯ ಮೇಲೆ ಅನುಮಾನ ಹುಟ್ಟಿದ್ದು ಗುರೆಳ್ಳು ಚಟ್ನಿಯಿಂದ.

ಹುಬ್ಬಳ್ಳಿಯ ಗಲ್ಲಿಯೊಂದರಲ್ಲಿ ಕುಬಸದ ಊಟ ನಡೆದಿತ್ತು. ಬಸುರಿಗೆ ಹಸಿರು ಬಳೆ ತೊಡಿಸಿ, ಉಡಿ ತುಂಬಿ, ಹಾಡು ಮುಗಿಸಿ ಹೆಂಗಸರೆಲ್ಲ ಎಲೆಯ ಮುಂದೆ ಕೂತಿದ್ದರು. ನೀಲಕ್ಕ ಅಂದರೆ ನೀಲಾಂಬಿಕಾ ಅಂಗಡಿ, ‘ನೆಲುವು’ ಮಾಸಪತ್ರಿಕೆಯ ಸಂಪಾದಕಿ. ಅಂಥವಳು ಪಂಕ್ತಿಯಲ್ಲಿ ಕೂತರೆ ಪಕ್ಕದವರು ಸುಮ್ಮನೆ ಉಂಡಾರೆ? ಎಡಗಡೆಯ ಕಮಲವ್ವ ಹೋಳಿಗೆ ಮುರಿಯುತ್ತ ಶುರು ಮಾಡಿದಳು.

“ಅಕ್ಕಾರ, ಈ ತಿಂಗಳ ನಿಮ್ಮ ಗುರೆಳ್ಳು ಚಟ್ನಿ ಮಾಡಿದ್ನಿರಿ. ಉಪ್ಪಿಲ್ಲದ ಚಟ್ನಿ ಇಷ್ಟು ಚೊಲೋ ಆಗತೈತಿ ಅಂತ ಗೊತ್ತ ಇರಲಿಲ್ಲ ನೋಡ್ರಿ.”

“ಉಪ್ಪಿಲ್ಲದ್ದಾ?”

“ಹೂಂ ಮತ್ತ. ಉಪ್ಪಿನ ಬದಲಿ ಲಿಂಬಿಹಣ್ಣು ಹಿಂಡ್ರಿ ಅಂತ ಬರದಿದ್ರೆಲ್ಲ. ನಮ್ಮ ಮನಿಯವರಿಗೆ ಬಿಪಿ. ಅದು ನಿಮಗ ಹೆಂಗ ಗೊತ್ತಾತೋ ಏನೋ.”

ಎದುರು ಸಾಲಿನ ರೇಣುಕಾ ಬಾಯಿ ಹಾಕಿದಳು. “ಏ ಕಮಲವ್ವ, ಕಣ್ಣಿಗೆ ಏನ್ ಹಚ್ಚಿಕೊಂಡು ಓದಿದಿ? ಲಿಂಬಿಹಣ್ಣು ಎಲ್ಲೈತಿ ಅದ್ರಾಗ? ಬೆಲ್ಲ ಹಾಕ್ರಿ ಅಂತ ಐತಿ. ಡಬ್ಬಿ ಬೆಲ್ಲದ ಚಿತ್ರ ಸೈತ ಕೊಟ್ಟಾರ.”

“ಚಟ್ನಿಗೆ ಬೆಲ್ಲ ಹಾಕ್ತಾರೇನವಾ? ನೀ ಪಾಯಸದ ಪುಟ ಓದಿರಬೇಕು.”

ಪಂಕ್ತಿಯೆಲ್ಲ ನಕ್ಕಿತು. ನೀಲಕ್ಕ ನಗಲಿಲ್ಲ. ಆ ಚಟ್ನಿ ಬರೆದವಳು ಅವಳೇ. ಲಿಂಬೆಯನ್ನೂ ಬರೆದಿರಲಿಲ್ಲ, ಬೆಲ್ಲವನ್ನೂ ಬರೆದಿರಲಿಲ್ಲ. ಕೊನೆಯ ಸಾಲು ಯಾವಾಗಿನದೇ: ರುಚಿಗೆ ತಕ್ಕಷ್ಟು ಉಪ್ಪು. ಪತ್ರಿಕೆಯ ಒಳಗೆ ಕೈಹಾಕಿ ಸಾಲು ತಿದ್ದುವ ಅಧಿಕಾರ ಇದ್ದವರು ಇಬ್ಬರೇ. ಒಬ್ಬಳು ತಾನು. ಇನ್ನೊಬ್ಬಳು ಗಂಡನ ತಂಗಿ ದಾನಮ್ಮ, ಜಾಹೀರಾತು ನೋಡಿಕೊಳ್ಳುವವಳು. ಡಬ್ಬಿ ಬೆಲ್ಲದವರನ್ನು ಹಿಡಿದು ತಂದವಳೂ ದಾನಮ್ಮನೇ.

ಮನೆಗೆ ಬಂದವಳೇ ನೀಲಕ್ಕ ಪತ್ರಿಕೆ ಮೂಡುವ ಪರದೆ, ತನ್ನ ಹಾಳೆಯನ್ನು ಬಿಚ್ಚಿ ಆ ಪುಟ ತೆಗೆದಳು. ‘ರುಚಿಗೆ ತಕ್ಕಷ್ಟು ಉಪ್ಪು’ ಎಂದು ತಣ್ಣಗೆ ಕೂತಿತ್ತು. ಅಂದರೆ ತನಗೊಂದು ತೋರಿಸಿ ಮಂದಿಗೊಂದು ಹಂಚುತ್ತಿದ್ದಾಳೆ. ಹೀಗೆ ಅಂದುಕೊಂಡಾಗ ಎದೆಯೊಳಗೆ ಏನೋ ಹುಳಿಯಾಯಿತು.

ನೆಲುವು ಅಂದರೆ ಹಾಲು ಬೆಣ್ಣೆಯ ಗಡಿಗೆಗಳನ್ನು ಬೆಕ್ಕಿಗೆ ಎಟುಕದ ಹಾಗೆ ಮಾಡಿಗೆ ತೂಗುಹಾಕುವ ಹಗ್ಗದ ಬಲೆ. ಪತ್ರಿಕೆಗೆ ಆ ಹೆಸರಿಟ್ಟವನು ನೀಲಕ್ಕನ ಗಂಡ. ಅವನ ಸಣ್ಣ ಪ್ರೆಸ್ಸಿನಲ್ಲಿ ಅಡುಗೆ, ಕಥೆ, ಮನೆಮದ್ದು, ಧಾರಾವಾಹಿ ಎಲ್ಲ ಅಚ್ಚಾಗುತ್ತಿದ್ದವು. ಸಣ್ಣ ವಯಸ್ಸಿಗೇ ಗಂಡ ತೀರಿಕೊಂಡು ತವರಿಗೆ ಬಂದ ದಾನಮ್ಮ ಅಚ್ಚಿನ ಮೊಳೆ ಜೋಡಿಸಲು ಕಲಿತದ್ದು ಅಲ್ಲೇ. ಅಣ್ಣನೂ ಹೋದ ಮೇಲೆ ವೈನಿ ನಾದಿನಿ ಇಬ್ಬರೇ ಪತ್ರಿಕೆ ನಡೆಸಿದರು. ಕರಡು ತಿದ್ದುವಾಗ ಒಬ್ಬಳು ಹಸ್ತಪ್ರತಿ ಹಿಡಿದು ಗಟ್ಟಿಯಾಗಿ ಓದುವುದು, ಇನ್ನೊಬ್ಬಳು ಅಚ್ಚಾದ ಹಾಳೆಯ ಮೇಲೆ ಬೆರಳು ಓಡಿಸುವುದು. ಚುಕ್ಕೆ ಗೆರೆಗಳನ್ನೂ ಬಿಡದೆ ಓದಬೇಕು. “ಅತ್ತೆ ಬಂದಳು ಪೂರ್ಣವಿರಾಮ ಸೊಸೆ ಎದ್ದಳು ಅಲ್ಪವಿರಾಮ” ಎಂದು ದಾನಮ್ಮ ಒದರುವುದು ಬೀದಿಗೆ ಕೇಳಿ, ಈ ಮನೆಯ ಹೆಂಗಸರಿಗೆ ಏನೋ ಬಡಿದಿದೆ ಎಂದು ಹೊಸದಾಗಿ ಬಾಡಿಗೆಗೆ ಬಂದವರು ಹೆದರಿದ್ದೂ ಉಂಟು.

ಆಮೇಲೆ ಕಾಗದ ತುಟ್ಟಿಯಾಯಿತು. ಮಾರಾಟವಾಗದ ಕಟ್ಟುಗಳು ಬಸ್ಸಿನ ಮೇಲೆ ಮಳೆ ತಿಂದು ವಾಪಸು ಬರತೊಡಗಿದವು. ಇನ್ನೇನು ಮುಚ್ಚಬೇಕು ಅನ್ನುವ ಹೊತ್ತಿಗೆ ‘ಪತ್ರಸೇತು’ ಎಂಬ ಕಂಪನಿ ಹಾಳೆಯನ್ನು ತಂದಿತು. ಕರವಸ್ತ್ರದ ಹಾಗೆ ಮಡಚಿ ಕುಪ್ಪಸದೊಳಗೆ ಇಟ್ಟುಕೊಳ್ಳಬಹುದಾದ ಪರದೆ. ಬಿಚ್ಚಿದರೆ ಪತ್ರಿಕೆ. ಒಂದು ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಕಣ್ಣು. ಓದುವವರ ನೋಟ ಎಲ್ಲಿ ನಿಂತಿತು, ಎಲ್ಲಿ ಜಿಗಿಯಿತು, ಎಲ್ಲಿಗೆ ಮರಳಿ ಬಂತು ಎಂದು ಅದು ನೋಡುತ್ತದೆ. ನೋಡಿದ್ದನ್ನು ‘ಹದಗಾರ’ ಎಂಬ ಕಂಪ್ಯೂಟರ್ ವ್ಯವಸ್ಥೆಗೆ ಹೇಳುತ್ತದೆ. ಹದಗಾರ ಪುಟವನ್ನು ಹದ ಮಾಡುತ್ತಾನೆ. ಕಣ್ಣು ಮಂದವಾದವರಿಗೆ ಅಕ್ಷರ ದೊಡ್ಡದು. ಓದಲು ಬಾರದವರಿಗೆ ಹಾಳೆಯೇ ಓದಿ ಹೇಳುತ್ತದೆ.

ಸುಳ್ಳೇಕೆ ಹೇಳಬೇಕು, ನೆಲುವು ಬದುಕಿಕೊಂಡದ್ದು ಅದರಿಂದಲೇ. ನವಲಗುಂದದ ಸೊಸೆ ಓದಿದ ದಿನವೇ ಮಸ್ಕತ್ತಿನಲ್ಲಿದ್ದ ಅವಳ ಅಕ್ಕನೂ ಓದುತ್ತಿದ್ದಳು. ಗುಳೇದಗುಡ್ಡದ ಖಣ ನೇಯುವವನೊಬ್ಬ, ಮೊದಲು ಜಾಹೀರಾತು ಕೊಟ್ಟು ಯಾರು ನೋಡಿದರೋ ಬಿಟ್ಟರೋ ಎಂದು ಕೈಚೆಲ್ಲಿ ಕೂರುತ್ತಿದ್ದವನು, ಈಗ ಯಾವ ಅಂಚಿನ ಮೇಲೆ ಹೆಂಗಸರ ಕಣ್ಣು ನಿಂತಿತೆಂದು ತಿಳಿದು ಅದೇ ಬಣ್ಣ ಮಗ್ಗಕ್ಕೆ ಏರಿಸುತ್ತಿದ್ದ. ಚಿತ್ರ ಮುಟ್ಟಿದರೆ ಸಾಕು, ಖಣ ಮನೆಗೆ ಬರುತ್ತಿತ್ತು. ದಾನಮ್ಮ ಅಂತೂ ಹಾಳೆಯ ಮೇಲೆ ಕುಂಕುಮ ಇಡುವುದೊಂದು ಬಾಕಿ.

ಹಾಳೆ ಜೋಡಿಸಲು ಮನೆಗೆ ಬಂದವಳು ಕಂಪನಿಯ ಎಂಜಿನಿಯರು ಶಮೀಮಾ ನದಾಫ್. “ಅಮ್ಮಾರ, ನಿಮ್ಮ ಪತ್ರಿಕಿ ನಿಯಮ ಒಂದ ಸಾಲಿನ್ಯಾಗ ಹೇಳ್ರಿ. ಹದಗಾರ ಎಲ್ಲಾಕ್ಕಿಂತ ಮ್ಯಾಲೆ ಅದನ್ನ ಇಟ್ಕೋತಾನ” ಅಂದಿದ್ದಳು. ರೊಟ್ಟಿ ಬಡಿಯುತ್ತಿದ್ದ ನೀಲಕ್ಕ ಅಡುಗೆಮನೆಯಿಂದಲೇ ಏನೋ ಒಂದು ಹೇಳಿ, ಹಿಟ್ಟಿನ ಕೈ ಒರೆಸಿಕೊಂಡು ಬಂದು ಹೆಬ್ಬೆಟ್ಟು ಒತ್ತಿದ್ದಳು. ದಾನಮ್ಮನೂ ಒತ್ತಿದ್ದಳು. ಪತ್ರಿಕೆ ತಿದ್ದುವ ಅಧಿಕಾರ ಆ ಎರಡು ಹೆಬ್ಬೆಟ್ಟಿಗಷ್ಟೇ. ಅಂದು ಹೇಳಿದ್ದು ಏನೆಂದು ನೀಲಕ್ಕನಿಗೆ ಆಮೇಲೆ ನೆನಪಿರಲಿಲ್ಲ.

ಕುಬಸದ ಮರುದಿನದಿಂದ ನೀಲಕ್ಕ ದಾನಮ್ಮನನ್ನು ನೋಡುವ ರೀತಿಯೇ ಬದಲಾಯಿತು. ಅಂಗಳದ ಆಚೆ ದಾನಮ್ಮನ ಮನೆ. ಇವಳು ಹೊಸ್ತಿಲು ದಾಟಿದರೆ ಅವಳ ಫೋನಿನ ಮಾತು ನಿಲ್ಲುತ್ತಿತ್ತು. ಹಾಳೆ ಓದುತ್ತಿದ್ದರೆ ಅದರ ಮೇಲೆ ಸೆರಗು ಮುಚ್ಚುತ್ತಿದ್ದಳು.

“ಯಾರದು ಫೋನು?”

“ಯಾರೂ ಇಲ್ಲ ಬಿಡ್ರಿ ವೈನಿ.”

“ಯಾರೂ ಇಲ್ಲದವರ ಜೋಡಿ ಅಷ್ಟೊತ್ತು ಏನ್ ಮಾತಾಡ್ತಿದ್ದಿ?”

“ಅದನ್ನೂ ಕದಾ ಹಿಂದ ನಿಂತು ಕೇಳಿದ್ರೇನು?”

ಇಂಥ ಮಾತು ಅವರ ನಡುವೆ ಎಂದೂ ಬಂದಿರಲಿಲ್ಲ. ನೀಲಕ್ಕ ಬಂದು ತನ್ನ ಕೋಣೆಯಲ್ಲಿ ಕೂತು ಧಾರಾವಾಹಿ ತೆಗೆದಳು. ಹಾವೇರಿಯ ನಿವೃತ್ತ ಮಾಸ್ತರರೊಬ್ಬರು ಬರೆಯುತ್ತಿದ್ದ ಕಾದಂಬರಿ. ಮೊದಲಾದರೆ ಹಸ್ತಪ್ರತಿ ಇವರ ಕೈಗೆ ಬರುತ್ತಿತ್ತು. ಈಗ ಮಾಸ್ತರು ನೇರ ಹಾಳೆಗೇ ಹೇಳಿ ಬರೆಸುತ್ತಾರೆ, ಕರಡಿನ ತಾಪತ್ರಯವೇ ಇಲ್ಲ. ಕಥೆಯಲ್ಲಿ ಗೌರವ್ವ ಮತ್ತು ಅವಳ ನಾದಿನಿ ಶಿವಲೀಲಾ ಸೇರಿ ಹಿಟ್ಟಿನ ಗಿರಣಿ ನಡೆಸುತ್ತಾರೆ. ಈ ಕಂತಿನಲ್ಲಿ ಶಿವಲೀಲಾ ಗಿರಣಿಯ ಬೀಗದ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಹೋಗಿ ಗಿರಣಿ ಕೊಳ್ಳುವವನ ಜೊತೆ ಗುಟ್ಟಾಗಿ ಮಾತಾಡುತ್ತಿದ್ದಳು. ನೀಲಕ್ಕ ಅದನ್ನು ಓದಿದಳು. ಮತ್ತೆ ಹಿಂದೆ ಹೋಗಿ ಓದಿದಳು. ಸೆರಗು. ದಾನಮ್ಮನೂ ಹಾಳೆ ಮುಚ್ಚಿದ್ದು ಸೆರಗಿನಿಂದಲೇ.

ಅಂದೇ ತೀರ್ಮಾನ ಮಾಡಿದಳು. ನೆಲುವಿನ ಮೇಲಿಂದ ದಾನಮ್ಮನ ಹೆಬ್ಬೆಟ್ಟನ್ನು ತೆಗೆಸಿಬಿಡಬೇಕು. ಪತ್ರಿಕೆ ಬಿಟ್ಟರೆ ಆ ಹೆಂಗಸಿಗೆ ಜೀವನದಲ್ಲಿ ಬೇರೆ ಏನೂ ಇಲ್ಲ ಎಂಬುದು ಗೊತ್ತಿತ್ತು. ಗೊತ್ತಿದ್ದೇ ಸೀರೆ ಬದಲಿಸಿ ಹೊರಟಳು.

ಪತ್ರಸೇತುವಿನ ನಿಯಂತ್ರಣ ಕೊಠಡಿ ವಿದ್ಯಾನಗರದ ಒಂದು ಕಟ್ಟಡದ ಎರಡನೆಯ ಅಂತಸ್ತಿನಲ್ಲಿತ್ತು. ಒಳಗೆ ಚಳಿ. ಒಂದು ಇಡೀ ಗೋಡೆ ಕಪ್ಪು, ಅದರ ತುಂಬ ಕರಿ ಕಂಬಳಿಯ ಮೇಲೆ ಎಳ್ಳು ಚೆಲ್ಲಿದ ಹಾಗೆ ಬಿಳಿ ಚುಕ್ಕೆಗಳು. ಒಂದೊಂದು ಚುಕ್ಕೆ ಆ ಗಳಿಗೆಗೆ ಓದುತ್ತಿರುವ ಒಬ್ಬೊಬ್ಬರು. ನೋಟ ಒಂದೆಡೆ ನಿಂತರೆ ಚುಕ್ಕೆ ಹೊಳೆಯುತ್ತಿತ್ತು.

“ಇದ್ರಾಗ ನಮ್ಮ ಕಮಲವ್ವ ಯಾವಾಕಿ?” ನೀಲಕ್ಕ ಶಮೀಮಾಳನ್ನು ಕೇಳಿದಳು.

“ಹೆಸರು ನಮಗ ಕಾಣೂದಿಲ್ಲರಿ ಅಮ್ಮಾರ. ಹದಗಾರಗ ಅಷ್ಟ ಗೊತ್ತಿರತೈತಿ.”

“ಅಂವಗ ಎಲ್ಲಾ ಗೊತ್ತು, ಅಂವನ್ನ ಕಟ್ಟಿದ ನಿಮಗ ಏನೂ ಗೊತ್ತಿಲ್ಲ. ಚೊಲೋ ಐತಿ ಬಿಡವಾ ನಿಮ್ಮ ಸಂಸಾರ.”

ಶಮೀಮಾ ನಕ್ಕು ಕುರ್ಚಿ ಎಳೆದುಕೊಟ್ಟಳು. ನೀಲಕ್ಕ ಕೂರಲಿಲ್ಲ. “ಒಂದ ಕೆಲಸ ಮಾಡವಾ. ನಮ್ಮ ದಾನಮ್ಮನ ಹೆಬ್ಬೆಟ್ಟು ತಗದಬಿಡು.”

ಶಮೀಮಾಳ ನಗು ಹೋಯಿತು. “ಅಮ್ಮಾರ, ನಾ ಇದನ್ನ ಹೇಳಬಾರದು. ಆದ್ರ ಹೇಳ್ತೀನಿ. ನಿನ್ನೆ ದಾನಮ್ಮಾರೂ ಬಂದಿದ್ರು. ನಿಮ್ಮ ಹೆಬ್ಬೆಟ್ಟು ತಗೀರಿ ಅಂದ್ರು.”

ನೀಲಕ್ಕ ಆಗ ಕುರ್ಚಿಯ ಮೇಲೆ ಕೂತಳು.

“ಒಂದಿನ ವಿಚಾರ ಮಾಡ್ರಿ ಅಂತ ಕಳಿಸೀನಿ ಅವರನ್ನ. ನಿಮಗೂ ಅದನ್ನ ಹೇಳ್ತೀನ್ರಿ. ಇಬ್ಬರೂ ಮನ್ಯಾಗ ಕುಂತು ಮಾತಾಡ್ರಿ. ಆಮ್ಯಾಲೂ ತಗೀಬೇಕಂದ್ರ ತಗದರ ಆತು.”

ದಾನಮ್ಮ ಒಲೆಯ ಮುಂದಿದ್ದಳು. ರೊಟ್ಟಿ ಬಡಿಯುವ ಸಪ್ಪಳ ಅಂಗಳದವರೆಗೂ ಬರುತ್ತಿತ್ತು. ನೀಲಕ್ಕ ಬಾಗಿಲಲ್ಲೇ ನಿಂತಳು.

“ಹೆಬ್ಬೆಟ್ಟಿಗೆ ಹಿಟ್ಟು ಹತ್ತೈತಿ ನೋಡು. ತೊಳ್ಕೊಂಡು ಬಾ, ಮಾತಾಡೂದೈತಿ.”

ಸಪ್ಪಳ ನಿಂತಿತು. “ಹೆಬ್ಬೆಟ್ಟಿನ ಸುದ್ದಿ ಯಾಕ ಬಂತು ವೈನಿ? ಶಮೀಮಾ ಹೇಳಿದ್ಲೇನು?”

“ಹೇಳಿದ್ಲು.”

“ಹೌದು, ಹೋಗಿದ್ನಿ. ನೀವು ಎದಕ ಹೋಗಿದ್ರಿ ಅಲ್ಲಿ?”

ಹೆಂಚಿನ ಮೇಲೆ ರೊಟ್ಟಿ ಸೀಯತೊಡಗಿತು. ಇಬ್ಬರಲ್ಲಿ ಯಾರೂ ಅದನ್ನು ತಿರುವಿ ಹಾಕಲಿಲ್ಲ.

“ನನ್ನ ಬೆರಳು ತಗಸಾಕ ಹೋಗಿದ್ರಿ” ಅಂದಳು ದಾನಮ್ಮ. “ನೀವು ತಗಸೂದ್ರಾಗ ನಾನ ನಿಮ್ಮದು ತಗಸಬೇಕಂತ ಹೋಗಿದ್ನಿ. ಗೌರವ್ವ ನಾದಿನೀನ ಗಿರಣಿಯಿಂದ ಹೊರಗ ಹಾಕಿದ್ಲಲ್ಲ, ಓದಿ ಎದಿ ಒಡದ ಹೋಗಿತ್ತು. ನೀವೂ ಹಂಗ ಮಾಡ್ತೀರಿ ಅಂತ ನಂಗ ಗೊತ್ತಾಗಿತ್ತು. ನಾ ಬಂದ ಕೂಡ್ಲೆ ಮಾರಿ ತಿರವತಿದ್ರಿ, ಕದದ ಹಿಂದ ನಿಂದರತಿದ್ರಿ. ಅದಕ್ಕ ನಾನೂ ಫೋನು, ಹಾಳಿ ಎಲ್ಲಾ ಮುಚ್ಚಾಕ ಹತ್ತಿದ್ನಿ.”

“ಗೌರವ್ವ ಎಲ್ಲಿ ಹೊರಗ ಹಾಕಿದ್ಲು? ಶಿವಲೀಲಾನ ಗಿರಣಿ ಮಾರಾಕ ಕದ್ದು ಹೋಗಿದ್ಲು. ಓದೂದನ್ನರ ನೆಟ್ಟಗ ಓದು.”

“ಎಲ್ಡು ಸಲ ಓದೀನಿ ವೈನಿ.”

“ನಾನೂ ಎಲ್ಡು ಸಲ ಓದೀನಿ.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಸಿಟ್ಟು ಇನ್ನೂ ಇತ್ತು. ಆದರೆ ಅದರೊಳಗೆ ಬೇರೆ ಏನೋ ಸೇರಿಕೊಂಡಿತು. ಕರಡಿನಲ್ಲಿ ಒಂದು ಸಾಲು ಬಿಟ್ಟುಹೋಗಿದೆ ಎಂದು ಮೊದಲೇ ಮೂಗಿಗೆ ಬಡಿಯುತ್ತದಲ್ಲ, ಅಂಥದ್ದು. ದಾನಮ್ಮ ಒಲೆ ಆರಿಸಿ ತನ್ನ ಹಾಳೆ ತಂದಳು. ನೀಲಕ್ಕ ತನ್ನದನ್ನು ಬಿಚ್ಚಿದಳು. ಯಾರೂ ಹೇಳದೆ, ಹಳೆಯ ಪ್ರೆಸ್ಸಿನ ದಿನಗಳ ಹಾಗೆ, ಎದುರುಬದುರು ಕೂತರು.

“ಗೌರವ್ವ ಗಿರಣಿಯ ಬಾಗಿಲು ತೆರೆದಳು ಪೂರ್ಣವಿರಾಮ” ಎಂದು ದಾನಮ್ಮ ಓದಿದಳು. “ಒಳಗೆ ಶಿವಲೀಲಾ ನಿಂತಿದ್ದಳು ಪೂರ್ಣವಿರಾಮ ಅವಳ ಕೈಯಲ್ಲಿ ಬೀಗದ ಕೈ ಇತ್ತು ಪೂರ್ಣವಿರಾಮ”

“ಹೂಂ.” ನೀಲಕ್ಕನ ಬೆರಳು ಸಾಲಿನ ಕೆಳಗೆ ಓಡುತ್ತಿತ್ತು.

“ಗೌರವ್ವ ಅದನ್ನು ಕಸಿದುಕೊಂಡು ಅಲ್ಪವಿರಾಮ ಇನ್ನು ಇಲ್ಲಿ ನಿನಗೆ ಜಾಗವಿಲ್ಲ ಅಂದಳು…”

“ನಿಂದರು.” ನೀಲಕ್ಕನ ಬೆರಳು ನಿಂತಿತ್ತು. “ನನ್ನ ಹಾಳ್ಯಾಗ, ಅವಳು ಅದನ್ನು ಸೆರಗಿನೊಳಗೆ ಮುಚ್ಚಿಕೊಂಡಳು ಅಂತ ಐತಿ.”

ಅಲ್ಲಿಂದ ಮುಂದೆ ಒಂದು ಸಾಲೂ ಕೂಡಲಿಲ್ಲ. ಹಾವೇರಿಗೆ ಫೋನು ಹಚ್ಚಿದರು. ಮಾಸ್ತರು ಊಟಕ್ಕೆ ಕೂತಿದ್ದರು.

“ಬೀಗದ ಕೈ ಏನಾತಂದ್ರ? ಏನೂ ಆಗಲಿಲ್ಲರಿ” ಅಂದರು ಅವರು. “ಶಿವಲೀಲಾ ಅದನ್ನ ಗೂಟಕ್ಕ ತೂಗಹಾಕಿದ್ಲು. ಆಮ್ಯಾಲೆ ಇಬ್ಬರೂ ಕೂಡಿ ಉಣ್ಣಾಕ ಹೋದ್ರು. ಯಾಕ್ರಿ, ಬ್ಯಾಸರಾತೇನು ಓದೋರಿಗೆ?”

ಮಾರನೆಯ ದಿನ ಇಬ್ಬರೂ ಒಂದೇ ಆಟೋದಲ್ಲಿ ವಿದ್ಯಾನಗರಕ್ಕೆ ಹೋದರು. ನಡುವೆ ಒಂದು ಚೀಲ ಇಟ್ಟುಕೊಂಡು ಕೂತಿದ್ದರು. ಶಮೀಮಾ ಎರಡೂ ಹಾಳೆ ನೋಡಿದಳು. ಮೇಜಿನ ಮೇಲೆ ಏನೇನೋ ಒತ್ತಿದಳು. “ನಿಮ್ಮ ನಿಯಮ ಕೇಳ್ರಿ ಅಮ್ಮಾರ. ಅವತ್ತ ನೀವ ಹೇಳಿದ್ದು” ಅಂದಳು.

ರೊಟ್ಟಿ ಬಡಿಯುವ ಸಪ್ಪಳ ಆ ಚಳಿ ಕೋಣೆಯನ್ನು ತುಂಬಿತು. ಅದರ ಹಿಂದೆಯೇ ನೀಲಕ್ಕನ ದನಿ: “ಅದೇನು ದೊಡ್ಡ ನಿಯಮ ತಂಗಿ? ಓದೋರ ರುಚಿಗೆ ತಕ್ಕಷ್ಟು. ಅಷ್ಟ ಸಾಕು.”

ದಾನಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ.

“ನಿಮ್ಮ ಹಳೇ ಸಂಚಿಕಿ ಎಲ್ಲಾ ಅಂವಗ ಓದಾಕ ಕೊಟ್ಟಿದ್ವಿ” ಎಂದು ಶಮೀಮಾ ವಿವರಿಸಿದಳು. “ಅಡಗಿ ಪುಟದಾಗ ಎಲ್ಲಾದಕ್ಕೂ ಅಳತಿ ಐತಿ, ಉಪ್ಪಿಗೆ ಮಾತ್ರ ಇಲ್ಲ. ಅಲ್ಲಿ ತಕ್ಕಷ್ಟು ಅಂತ ಐತಿ. ಅಂದ್ರ ಇದು ಖಾಲಿ ಜಾಗ, ಓದೋರನ್ನ ನೋಡಿ ತುಂಬಬೇಕು ಅಂತ ತಿಳಕೊಂಡ. ಆಮ್ಯಾಲೆ ಅದನ್ನ ಇಡೀ ಪತ್ರಿಕಿಗೆ ನಿಯಮ ಅಂತ ನೀವ ಹೇಳಿದ್ರಿ. ಬಿಪಿ ಸುದ್ದಿ ಓದೋರಿಗೆ ಉಪ್ಪು ತಗದ. ಸಿಹಿ ಮ್ಯಾಲೆ ಕಣ್ಣಿದ್ದೋರಿಗೆ ಬೆಲ್ಲ ಕೊಟ್ಟ. ಜಾಹೀರಾತಿನವರಿಗೂ ಖುಷಿ ಆತು.”

“ಬೆಲ್ಲ ಇರಲಿ” ಅಂದಳು ನೀಲಕ್ಕ. “ನನ್ನ ರುಚಿ ಅನುಮಾನ ಅಂತ ಅಂವಗ ಯಾರು ಹೇಳಿದ್ರು?”

“ನಿಮ್ಮ ಕಣ್ಣು. ಎಲ್ಲಿ ಏನರ ಎಡವಟ್ಟ ಅನಸ್ತಿತ್ತೋ ಅಲ್ಲಿ ನಿಮ್ಮ ಕಣ್ಣು ನಿಂದರತಿತ್ತು, ಹಿಂದ ಹೋಗಿ ಮತ್ತ ಬರತಿತ್ತು. ಇಬ್ಬರದೂ ಹಂಗ. ಅದನ್ನ ಅಂವಾ ಭಾಳ ರುಚಿ ಅಂತ ತಿಳದ. ಹಂಗಂತ ಇನ್ನಷ್ಟು ಬಡಿಸಿದ.”

ನೀಲಕ್ಕ ಮೇಜಿನ ಮೇಲಿನ ಎರಡೂ ಹಾಳೆ ನೋಡಿದಳು. ಕರಡು ತಿದ್ದುವವರ ಕಣ್ಣು. ತಪ್ಪು ಕಂಡಲ್ಲಿ ನಿಲ್ಲಬೇಕು, ಹಿಂದೆ ಹೋಗಿ ಮತ್ತೆ ಬರಬೇಕು. ಗಂಡ ಕಲಿಸಿಕೊಟ್ಟದ್ದು ಅದು, ಅವರಿಬ್ಬರಿಗೂ ಒಂದೇ ಮೇಜಿನ ಮೇಲೆ.

“ನಿಯಮ ಬದಲ ಮಾಡವಾ. ಬರೆದದ್ದು ಬರೆದ ಹಂಗ, ಎಲ್ಲಾರಿಗೂ ಒಂದ.”

“ಮಾಡ್ತೀನ್ರಿ. ಅಕ್ಷರ ದೊಡ್ಡದು ಮಾಡೂದು, ಓದಿ ಹೇಳೂದು ಇರತೈತಿ. ಆದ್ರ ಮಂದಿ ಓದೂ ಹೊತ್ತು ಕಡಿಮಿ ಆಗತೈತಿ, ಮೊದಲ ಹೇಳೀನಿ. ಬೆಲ್ಲದವರು ಬಿಟ್ಟು ಹೋಗಬಹುದು.”

ಜಾಹೀರಾತಿನ ಮಾತು ದಾನಮ್ಮನದು. ನೀಲಕ್ಕ ಅವಳತ್ತ ನೋಡಿದಳು.

“ಹೋಗಲಿ ಬಿಡ್ರಿ” ಅಂದಳು ದಾನಮ್ಮ. “ಖಣದಾಂವ ಇರತಾನ. ಅಂವಗ ಖಣ ಇದ್ದ ಹಂಗ ಕಂಡ್ರ ಸಾಕು. ಅದಕ್ಕ ಬೆಲ್ಲ ಹಚ್ಚೂದು ಬ್ಯಾಡ.”

ಇಬ್ಬರೂ ಹೆಬ್ಬೆಟ್ಟು ಒತ್ತಿದರು. ಬರುವಾಗ ಆಟೋದಲ್ಲಿ ಚೀಲ ದಾನಮ್ಮನ ತೊಡೆಯ ಮೇಲಿತ್ತು.

ಹೊಸ ಸಂಚಿಕೆ ಬಂದ ದಿನ ಅಂಗಳದಲ್ಲಿ ಕೂತು ಒಬ್ಬಳು ಓದಿದಳು, ಒಬ್ಬಳು ನೋಡಿದಳು. ಪ್ರತಿ ಸಾಲೂ ಕೂಡಿತು. ಗೌರವ್ವ ಮತ್ತು ಶಿವಲೀಲಾ ಗಿರಣಿಗೆ ಸುಣ್ಣ ಹೊಡೆಸುತ್ತಿದ್ದರು, ಅಷ್ಟೆ. ದಾನಮ್ಮ ಸಮಾಧಾನದಿಂದ ಹಾಳೆ ಮಡಚಿದಳು. ನೀಲಕ್ಕ ಮಡಚಲಿಲ್ಲ. ಮೂಲೆಯ ಸಾಸಿವೆ ಕಣ್ಣನ್ನೇ ನೋಡುತ್ತಿದ್ದಳು.

“ಮತ್ತೇನಾತು ವೈನಿ?”

“ನಾವಿಬ್ಬರೂ ಕೂಡಿ ಓದ್ತೀವಿ ಅಂತ ಅಂವಗ ಗೊತ್ತಾಗಿದ್ರ? ನಮಗಿಬ್ಬರಿಗೆ ಅಷ್ಟ ಒಂದ ತೋರಿಸಿ, ಮಂದಿಗೆ ಮತ್ತ ಬ್ಯಾರೆ ಬಡಸ್ತಿದ್ರ?”

“ಶಿವನ, ನಿಮ್ಮ ಅನುಮಾನಕ್ಕ ಮದ್ದ ಇಲ್ಲ.”

“ಐತಿ” ಅಂದಳು ನೀಲಕ್ಕ. “ಮುಂದಿನ ಸಂಚಿಕಿ ಅಗಸಿ ಚಟ್ನಿಗೆ ತಕ್ಕಷ್ಟು ಅಂತ ಬರಿಯೂದಿಲ್ಲ. ಉಪ್ಪು ನಾಕು ದೊಡ್ಡ ಚಮಚ ಅಂತ ಬರೀತೀನಿ.”

“ನಾಕು? ಮಂದಿ ಉಗಳ್ತಾರ.”

“ಉಗಳಲಿ. ಎಲ್ಲಾರೂ ಉಗಳಿದ್ರ ಎಲ್ಲಾರ ಹಾಳ್ಯಾಗೂ ಒಂದ ಐತಿ ಅಂತ ಆತು.”

“ಬಿಪಿ ಇದ್ದೋರ ಗತಿ?”

“ಅಂಥಾ ಚಟ್ನಿ ಯಾರೂ ಎರಡನೇ ತುತ್ತು ತಿನ್ನೂದಿಲ್ಲ ಸುಮ್ಮಿರು.”

ಸಂಚಿಕೆ ಹೊರಬಿತ್ತು. ಸಂತೆಗೆಂದು ದಾನಮ್ಮನ ಜೊತೆ ದುರ್ಗದಬೈಲಿಗೆ ಹೋದ ನೀಲಕ್ಕನನ್ನು ಮೊದಲು ಹಿಡಿದವಳು ರೇಣುಕಾ. “ಏನ್ರಿ ಅಕ್ಕಾರ, ಸಮುದ್ರದ ನೀರಾಗ ರುಬ್ಬಿದ್ರೇನು ಆ ಚಟ್ನಿ?” ಬಳೆ ಅಂಗಡಿಯ ಮುಂದೆ ಇನ್ನೊಬ್ಬಳು. ತರಕಾರಿಯವರ ಸಾಲಿನಲ್ಲಿ ಮತ್ತಿಬ್ಬರು, ಅವರಲ್ಲಿ ಒಬ್ಬಳ ಗಂಡ ತಟ್ಟೆ ಸರಿಸಿ ಎದ್ದು ಹೋಗಿದ್ದನಂತೆ. ಮಸ್ಕತ್ತಿನಿಂದ ಕೂಡ ದಾನಮ್ಮನ ಫೋನಿಗೆ ಬೈಗುಳ ಬಂದಿತ್ತು. ಒಂದೊಂದು ಬೈಗುಳಕ್ಕೂ ನೀಲಕ್ಕನ ಮುಖ ಅರಳುತ್ತ ಹೋಯಿತು. ಬೈದವರು ಗಾಬರಿಯಾಗಿ ದಾನಮ್ಮನ ಮುಖ ನೋಡುತ್ತಿದ್ದರು.

ಮೆಣಸಿನಕಾಯಿ ಅಂಗಡಿಯ ಹತ್ತಿರ ಕಮಲವ್ವ ಸಿಕ್ಕಳು. ನೀಲಕ್ಕನೇ ತಡೆದು ಕೇಳಿದಳು. “ಅಗಸಿ ಚಟ್ನಿ ಮಾಡಿದ್ಯೇನವಾ?”

“ಮಾಡಿದ್ನಲ್ಲರಿ. ಭಾಳ ಚೊಲೋ ಆಗಿತ್ತು. ನಮ್ಮ ಮನಿಯವರು ಎರಡ ಸಲ ಹಾಕಿಸ್ಕೊಂಡು ಉಂಡ್ರು.”

ನೀಲಕ್ಕನ ಕೈಯಲ್ಲಿದ್ದ ಚೀಲ ಜೋಲಿತು. ಹೋಯಿತು. ಬಿಪಿ ಇದ್ದವನ ಮನೆ, ಹದಗಾರ ಮತ್ತೆ ಉಪ್ಪು ತೆಗೆದಿದ್ದಾನೆ. ಎಲ್ಲರಿಗೂ ಒಂದೇ ಅಂದದ್ದು ಎಲ್ಲಿ ಹೋಯಿತು?

“ಕಮಲವ್ವ” ಅಂದಳು ನೀಲಕ್ಕ, ನಿಧಾನಕ್ಕೆ. “ನಿನ್ನ ಹಾಳ್ಯಾಗ ಉಪ್ಪು ಎಷ್ಟಿತ್ತು?”

“ನಾಕು ದೊಡ್ಡ ಚಮಚ ಅಂತ ಇತ್ರಿ.” ಕಮಲವ್ವ ಒಂದು ಮೆಣಸಿನಕಾಯಿ ಮುರಿದು ಮೂಸಿ ನೋಡಿ ಬುಟ್ಟಿಗೆ ಹಾಕಿದಳು. “ಯಾರರ ಅಷ್ಟು ಹಾಕ್ತಾರೇನ್ರಿ? ನಾ ನಾಲಿಗಿ ಮ್ಯಾಲೆ ಇಟ್ಟು ನೋಡಿ, ತಕ್ಕಷ್ಟು ಹಾಕಿದೆ.”